ಸೋಮವಾರ ಹೆಜ್ಜೆ ತಪ್ಪುವ ಯಂತ್ರ

"ಅಣ್ಣ, ನೀವು ಆ ಕಡೆ ಹಿಡ್ಕೊಳಿ, ಭಾರ ಐತೆ" ಎಂದು ಹಿಂದಿನ ಕೋಣೆಯಲ್ಲಿ ಗುಜರಿಯವನು ಹೇಳಿದ್ದು, ನಡುಮನೆಯಲ್ಲಿ ಗಂಡನ ಹೆಣದ ಪಕ್ಕ ಕೂತಿದ್ದ ಜಗದಾಂಬಾಳ ಕಿವಿಗೆ ಬಿತ್ತು. ಅವಳು ದಡಕ್ಕನೆ ಎದ್ದಳು.

ಗಂಡ ಏಕಾಂತಯ್ಯನನ್ನು ಗೋಡೆಗೊರಗಿಸಿ ಕೂರಿಸಿದ್ದರು. ಹಿಂದಿನ ದಿನ ಉಂಡು ಮಲಗಿದವನು ಬೆಳಿಗ್ಗೆ ಎದ್ದಿರಲಿಲ್ಲ. ಮಧ್ಯಾಹ್ನಕ್ಕೆ ರುದ್ರಭೂಮಿಗೆ ಒಯ್ಯುವ ಗಾಡಿ ಬರುವುದಿತ್ತು.

ಕೋಣೆಯಲ್ಲಿ ಮೈದುನ ರೇಣುಕಯ್ಯ ಅಕ್ಷರ ಕೊರೆಯುವ ಯಂತ್ರದ ಮೂಲೆ ಹಿಡಿದು ಬಗ್ಗಿದ್ದ.

"ಏನಿದು ರೇಣುಕಯ್ಯ?"

"ಅತ್ತಿಗೆ, ನಾನು ರಜ ಹಾಕಿರೋದು ಇವತ್ತೊಂದಿನ. ಎಲ್ಲ ಒಟ್ಟಿಗೆ ಮುಗಿಸಿಬಿಡೋಣ ಅಂತ. ಬಾಡಿಗೆ ಮನೆ, ಹೇಗಿದ್ರೂ ಬಿಡ್ಬೇಕು. ನಮ್ಮನೆಗೆ ಬಂದುಬಿಡಿ. ನೀವೇನು ಹೊರಗಿನೋರಾ?"

ಅವನು ಕೆಟ್ಟವನಲ್ಲ. ಆದರೆ ಅನ್ನಪೂರ್ಣೇಶ್ವರಿ ನಗರದ ಅವನ ಮನೆಯಲ್ಲಿ ಕೆಲಸದವಳು ಬಿಟ್ಟುಹೋಗಿ ಬಹಳ ದಿನವಾಗಿದೆ ಎಂಬುದು ಜಗದಾಂಬಾಳಿಗೆ ಗೊತ್ತಿತ್ತು.

"ಇಳಿಸಿ. ಇದು ನನ್ನ ಅನ್ನ."

"ಇದಾ? ಹೋದ ವಾರ ಅಣ್ಣ ಫೋನಲ್ಲಿ, ಈ ಮುಂಡೇದು ತಲೆ ತಿಂತಿದೆ ಅಂದ. ನೆಟ್ಟಗೆ ಓಡೋದಾದ್ರೆ ಇಟ್ಕೊಳಿ, ನಾನ್ಯಾಕೆ ಬೇಡ ಅನ್ಲಿ?"

ಅವಳು ಯಂತ್ರದ ಮೇಲೆ ಕೈಯೂರಿ ನಿಂತಳು.

"ನಾನು ಕಾಯ್ತೀನಮ್ಮ" ಎಂದ ಗುಜರಿಯವನು. "ಆಟೋ ಅಡ್ಡ ನಿಲ್ಸಿದೀನಿ, ಅದೊಂದೇ."

*

ಕೆಲಸಕ್ಕಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಏಕಾಂತಯ್ಯ ಅಲ್ಯೂಮಿನಿಯಂ ಪಟ್ಟಿ, ಎಸ್.ಪಿ. ರಸ್ತೆಯಿಂದ ತಂದ ಮೋಟಾರುಗಳನ್ನು ಜೋಡಿಸಿ ಮನೆಯಲ್ಲೇ ಕಟ್ಟಿದ ಯಂತ್ರ ಅದು. ಕಂಪ್ಯೂಟರು ಹೇಳಿದಂತೆ ಕಟರು ಮರದ ಮೇಲೆ ಓಡಾಡಿ ಅಕ್ಷರ ಕೊರೆಯುತ್ತಿತ್ತು. ಅಕ್ಷರ ಜೋಡಿಸುವುದು ಅವನು, ಯಂತ್ರ ಓಡಿಸುವುದು ಜಗದಾಂಬಾ. ಗೋವಿಂದರಾಜನಗರದ ಎಷ್ಟೋ ಗೇಟುಗಳ ಹೆಸರಿನ ಹಲಗೆ ಅವರದೇ.

ಈಚೆಗೆ ಅಕ್ಷರಗಳ ಕೆಳಗರ್ಧ ಪಕ್ಕಕ್ಕೆ ಸರಿಯತೊಡಗಿತು.

"ಎಲ್ಲೋ ಹೆಜ್ಜೆ ನುಂಗ್ತಿದೆ ಕಣೇ. ಇಷ್ಟು ದೂರ ಹೋಗು ಅಂದ್ರೆ ಮಧ್ಯದಲ್ಲಿ ತಡವರಿಸತ್ತೆ. ಆಮೇಲೆ ಹೋಗಿಬಂದೆ ಅಂತ ಸುಳ್ಳು ಹೇಳತ್ತೆ."

"ಗಂಡಸು ಇರ್ಬೇಕು" ಎಂದಿದ್ದಳು ಅವಳು.

ಅವನು ಮೋಟಾರು ಬದಲಿಸಿದ, ವೇಗ ಇಳಿಸಿದ, ವೈರು ಹೊಸದಾಗಿ ಎಳೆದ. ಒರೆಸಿ ಎಣ್ಣೆ ಬಿಟ್ಟರೆ ನಾಲ್ಕು ದಿನ ಸರಿ, ಸೋಮವಾರ ಮತ್ತೆ ಅದೇ ಗೋಳು. ಸೋಮವಾರ ಕಾವೇರಿ ನೀರು ಬರುವ ದಿನ. ಮೇಲಿನ ಮನೆಯ ಕುಸುಮಾ ಪಂಪು ಹಾಕಿದರೆ ಕರೆಂಟು ಕುಸಿಯುತ್ತದೆ, ಅದರಿಂದಲೇ ಇದು ಎಂದು ತೀರ್ಮಾನಿಸಿ ಮೆಟ್ಟಿಲ ಮೇಲೆ ನಿಂತು ಕೂಗಾಡಿದ. ಕುಸುಮಾ ಪಂಪನ್ನು ಮುಂಜಾನೆಗೆ ಬದಲಿಸಿದಳು. ಯಂತ್ರ ಮಾತ್ರ ಬದಲಾಗಲಿಲ್ಲ.

*

ಹೆಣಕ್ಕೆ ಸ್ನಾನವಾಯಿತು. ಕುಸುಮಾ ಬಾಗಿಲ ಬಳಿ ಬಂದು ನಿಂತಳು.

"ಅಕ್ಕ, ಸೋಮವಾರದ ನೀರು ಇವತ್ತು ತಡವಾಗಿ ಬಂದಿದೆ. ಪಂಪು ಹಾಕ್ಲಾ? ಅಣ್ಣ ಎಲ್ಲಿ ಬೈತಾರೋ ಅಂತ ಕೈ ಬರ್ಲಿಲ್ಲ." ಹೇಳುತ್ತ ತಾನೇ ಬಿಕ್ಕಿದಳು.

"ತಾಳು."

ಕ್ರಿಯೆಗೆ ಬಂದಿದ್ದ ಸ್ವಾಮಿಗಳು ಜಗದಾಂಬಾಳ ಅಂಗೈಗೆ ವಿಭೂತಿ ಕೊಟ್ಟರು. ತೋಳಿಗೆ ಹಚ್ಚಿದಾಗ ಬೆರಳು ಸಲೀಸಾಗಿ ಹರಿಯಿತು. ತಲೆಯ ಎಣ್ಣೆ ಇಳಿದು ಉಳಿದಿದ್ದ ಕತ್ತಿನ ಬಳಿ ಮಾತ್ರ ಬೆರಳು ಹಿಡಿದುಕೊಂಡಿತು. ಎಣ್ಣೆಯಲ್ಲಿ ಬೂದಿ ಕಲಸಿ ಮೆತ್ತಿಕೊಂಡಿತ್ತು. ಅವಳು ಅದನ್ನು ಹೆಬ್ಬೆರಳಲ್ಲಿ ತಿಕ್ಕಿ ನೋಡಿದಳು. ತರಿತರಿ.

ಒಮ್ಮೆ ಕಟರು ಮುರಿದು ಸಿಡಿದು ಅವನ ಕಣ್ಣು ಕೂದಲೆಳೆಯಲ್ಲಿ ಉಳಿದಿತ್ತು. ಅಂದಿನಿಂದ ಅವಳು ಪ್ರತಿ ಸೋಮವಾರ, ಅವನು ಏಳುವ ಮುಂಚೆ, ಯಂತ್ರಕ್ಕೆ ವಿಭೂತಿ ಹಚ್ಚುತ್ತಿದ್ದಳು. ಮೇಲಷ್ಟೇ ಅಲ್ಲ. ಹಲಗೆಯ ಅಡಿ ತಿರುಗುವ ಉದ್ದನೆಯ ಸ್ಕ್ರೂ ರಾಡಿಗೂ ಕೈ ತೂರಿಸಿ ಹಚ್ಚುತ್ತಿದ್ದಳು. ಅದು ಅದರ ಬೆನ್ನೆಲುಬು ಎಂದು ಅವನೇ ಹೇಳಿದ್ದ.

ಎದ್ದು ಕೋಣೆಗೆ ನಡೆದಳು.

"ಹಣೆ ಉಳೀತಲ್ಲ ತಾಯಿ" ಎಂದರು ಸ್ವಾಮಿಗಳು.

ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ರಾಡನ್ನು ಉಜ್ಜಿದಳು. ಒರೆಸುವಾಗ ಯಾವತ್ತೂ ಬರುವ ಕಪ್ಪು ಜಿಡ್ಡೇ ಬಂತು. ತಿಕ್ಕಿದರೆ ಅದೂ ತರಿತರಿ. ಪೂರ್ತಿ ತೆಗೆದು ಹೊಸ ಎಣ್ಣೆ ಬಿಟ್ಟಳು. ಮರದ ತುಂಡಿನ ಮೇಲೆ ಪೆನ್ಸಿಲಿನಲ್ಲಿ ಚುಕ್ಕೆಯಿಟ್ಟು, ಕಟರಿನ ತುದಿಯನ್ನು ಅದರ ಮೇಲೆ ನಿಲ್ಲಿಸಿ, ಯಂತ್ರವನ್ನು ಆ ತುದಿಯಿಂದ ಈ ತುದಿಗೆ ಓಡಲು ಬಿಟ್ಟಳು.

"ಗಂಡನ ಹೆಣ ಇಟ್ಕೊಂಡು ಮಿಶನ್ ಓಡಿಸ್ತಾಳಲ್ರೀ" ಎಂದಳು ನಡುಮನೆಯಲ್ಲಿ ಯಾರೋ ಮುದುಕಿ.

"ಕುಸುಮಾ, ಈಗ ಪಂಪು ಹಾಕು."

ಮೇಲೆ ಪಂಪು ಗುಂಯ್ಗುಟ್ಟಿತು. ಬಲ್ಬು ಮಂಕಾಯಿತು. ಯಂತ್ರ ಹೋಯಿತು, ಬಂತು, ಮತ್ತೆ ಹೋಯಿತು. ಕೊನೆಗೆ ಕಟರಿನ ತುದಿ ಚುಕ್ಕೆಯ ಮೇಲೇ ಬಂದು ನಿಂತಿತು. ಅವಳು ಮತ್ತೊಮ್ಮೆ ಓಡಿಸಿದಳು. ಮತ್ತೆ ಅಲ್ಲೇ.

ಬಾಗಿಲಲ್ಲಿದ್ದ ರೇಣುಕಯ್ಯ ಒಳಬಂದು ಬಗ್ಗಿ ಚುಕ್ಕೆಯನ್ನು ನೋಡಿದ. ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಗುಜರಿಯವನ ಆಟೋ ಹೊರಟ ಸದ್ದು ಕೇಳಿಸಿತು.

ನಡುಮನೆಯಲ್ಲಿ ಎಲ್ಲರೂ ಅವಳಿಗಾಗಿ ಕಾಯುತ್ತಿದ್ದರು. ಅವಳ ಎರಡೂ ಕೈ ಮೊಣಕೈವರೆಗೆ ಕಪ್ಪಾಗಿತ್ತು.

"ಕೈ ತೊಳ್ಕೊಂಡು ಬನ್ನಿ ಅತ್ತಿಗೆ" ಎಂದ ರೇಣುಕಯ್ಯ ಮೆತ್ತಗೆ.

ಜಗದಾಂಬಾ ಗಂಡನ ಎದುರು ಮಂಡಿಯೂರಿದಳು. ಮೂರು ಬೆರಳನ್ನು ವಿಭೂತಿಯಲ್ಲಿ ಅದ್ದಿ ಅವನ ಹಣೆಯ ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ಎಳೆದಳು. ಬಿಳಿಯಾಗಬೇಕಿದ್ದ ಮೂರು ಗೆರೆಗಳೂ ಬೂದುಬಣ್ಣವಾಗಿ, ಎಣ್ಣೆಯಲ್ಲಿ ಮಿರುಗುತ್ತ ಮೂಡಿದವು.