ಕತ್ತರಿ ಸಾಹೇಬರ ಅರ್ಧ

ಸೈನ್ಯದ ಸಾಮಾನು ಡಿಪೊದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎದುರಿಗೆ ‘ಸಾಹೇಬ್ರೇ’, ಬೆನ್ನ ಹಿಂದೆ ‘ಕತ್ತರಿ’. ಆ ಅಡ್ಡಹೆಸರು ಅವರ ಕಿವಿಗೂ ಬಿದ್ದಿತ್ತು. ಬಿದ್ದು, ಮೇಲೆ ಹುಸಿಮುನಿಸು ತೋರಿಸಿದರೂ ಒಳಗೊಳಗೇ ಖುಷಿಯಾಗಿತ್ತು. ಸೈನ್ಯದಲ್ಲಿ ಗುಂಡು ಹಾರಿಸಿ ಹೆಸರು ಮಾಡಿದವರು ಬೇಕಾದಷ್ಟು ಜನ ಇದ್ದಾರೆ, ಕೆಂಪು ಪೆನ್ಸಿಲ್ಲಿನಲ್ಲಿ ಹೆಸರು ಮಾಡಿದವರು ತಾವೊಬ್ಬರೇ ಎಂದು ಅವರ ಲೆಕ್ಕ.

ಗಡಿಯ ಬೆಟ್ಟಗಳ ಮೇಲೆ ನಲವತ್ತಮೂರು ಠಾಣೆಗಳಿದ್ದವು. ಹಿಮ ಬಿದ್ದು ಕಣಿವೆಯ ದಾರಿ ಮುಚ್ಚಿದರೆ ಐದು ತಿಂಗಳು ಒಂದು ಬೆಂಕಿಪೊಟ್ಟಣವೂ ಮೇಲಕ್ಕೆ ಹೋಗುವುದಿಲ್ಲ. ಹಾಗಾಗಿ ಚಳಿಗಾಲಕ್ಕೆ ಮುಂಚೆಯೇ ಪ್ರತಿ ಠಾಣೆಯವರೂ ತಮಗೇನು ಬೇಕೆಂದು ಇಂಡೆಂಟ್ ಬರೆದು ಬೆಟ್ಟದ ಬುಡದ ಈ ಡಿಪೊಗೆ ಕಳಿಸಬೇಕು. ಡಿಪೊ ಅದನ್ನೆಲ್ಲ ಕೂಡಿ ರಾಜಧಾನಿಗೆ ಕಳಿಸಬೇಕು. ರಾಜಧಾನಿಯಲ್ಲಿ ಗೋಡೆಯಷ್ಟು ದೊಡ್ಡ ನಕ್ಷೆಯ ಮುಂದೆ ಕೂತವರು, ಯಾವ ದಿಕ್ಕಿನ ಯುದ್ಧಕ್ಕೆ ಎಷ್ಟು ಎಂದು ಹಂಚಬೇಕು. ಕಾಗದದ ಮೇಲೆ ಇಷ್ಟೇ. ಆದರೆ ಡಿಪೊ ಕತ್ತರಿಸುತ್ತದೆ ಎಂದು ಠಾಣೆಯವರಿಗೆ ಗೊತ್ತು, ಅದಕ್ಕೇ ನೂರು ಬೇಕಾದರೆ ಇನ್ನೂರು ಬರೆಯುತ್ತಾರೆ. ಅವರು ಇನ್ನೂರು ಬರೆಯುತ್ತಾರೆ ಎಂದು ಡಿಪೊಗೆ ಗೊತ್ತು, ಅದಕ್ಕೇ ಕತ್ತರಿಸುತ್ತದೆ. ಮೊದಲು ಶುರು ಮಾಡಿದವರು ಯಾರು ಎಂದರೆ ಇಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಸುಳ್ಳಿಗೆ ಕತ್ತರಿ ಬಿದ್ದು ಕೊನೆಗೆ ಹೆಚ್ಚುಕಮ್ಮಿ ಸರಿಯಾದಷ್ಟೇ ಮೇಲೆ ತಲುಪುತ್ತಿತ್ತು. ಸೈನ್ಯದ ಹೊಟ್ಟೆ ತುಂಬುತ್ತಿದ್ದುದು, ಒಲೆ ಉರಿಯುತ್ತಿದ್ದುದು ಹೀಗೆ.

ಸಾಹೇಬರಿಗೆ ಇದು ಸುಮ್ಮನೆ ಬಂದ ಚಟವಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಠಾಣೆಯಲ್ಲಿ ಹೆಚ್ಚಾದ ಕಂಬಳಿಗಳು ಇಲಿಗಳ ಪಾಲಾಗಿದ್ದನ್ನೂ ಅದರ ಪಕ್ಕದ ಠಾಣೆಯಲ್ಲಿ ಕಂಬಳಿಯಿಲ್ಲದೆ ಮನುಷ್ಯರು ಸೆಟೆದುಹೋಗಿದ್ದನ್ನೂ ಒಂದೇ ದಿನ ನೋಡಿದ್ದರು. ಅವತ್ತಿನಿಂದ ಹೆಚ್ಚಿಗೆ ಬರೆಯುವವರನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಬೇರೆ ಡಿಪೊಗಳು ಅಲ್ಲಷ್ಟು ಇಲ್ಲಷ್ಟು ಚಿವುಟುತ್ತಿದ್ದರೆ, ಇವರದು ಮುಲಾಜಿಲ್ಲದ ಅರ್ಧ. ಹೋದ ವರ್ಷ ರಾಜಧಾನಿಗೆ ಒಂದು ಟಿಪ್ಪಣಿಯನ್ನೂ ಬರೆದಿದ್ದರು. ‘ಮುಂಚೂಣಿ ಠಾಣೆಗಳ ಬೇಡಿಕೆಯಲ್ಲಿ ಅರ್ಧ ಭಾಗ ಸುಳ್ಳು’ ಎಂದು ಅದರ ಮೊದಲ ಸಾಲು. ಟಿಪ್ಪಣಿ ಮೇಲಿನವರಿಗೆ ಹಿಡಿಸಿತು. ಪ್ರಶಂಸಾಪತ್ರ ಬಂತು. ಅದಕ್ಕೆ ಕಟ್ಟು ಹಾಕಿಸಿ ಮೇಜಿನ ಹಿಂದೆ ತೂಗುಹಾಕಿಕೊಂಡರು.

ಅವರ ಅಕ್ಕನ ಮಗ ಹದಿನೇಳನೇ ಠಾಣೆಗೆ ಸಾಮಾನಿನ ಉಸ್ತುವಾರಿಯಾಗಿ ನೇಮಕಗೊಂಡಿದ್ದು ಈ ವರ್ಷ. ನಲವತ್ತಮೂರರಲ್ಲಿ ಅತಿ ಎತ್ತರದ ಠಾಣೆ, ಮೂವತ್ತನಾಲ್ಕು ಜನ. ಹೊರಡುವ ಹಿಂದಿನ ದಿನ ಅಕ್ಕನ ಮನೆಯಲ್ಲಿ ಊಟ. ತಾಯಿ ತೀರಿಕೊಂಡ ಮೇಲೆ ಸಾಹೇಬರನ್ನು ಸಾಕಿ ದೊಡ್ಡವರನ್ನಾಗಿ ಮಾಡಿದವಳು ಈ ಅಕ್ಕ. ಹಾಗಾಗಿ ಡಿಪೊದ ಹುಲಿ ಆ ಮನೆಯಲ್ಲಿ ಮಾತ್ರ ಬಾಲ ಮಡಚಿಕೊಂಡು ಕೂರುತ್ತಿತ್ತು.

“ಮಾವ, ಇಂಡೆಂಟ್ ಹೇಗೆ ಬರೀಲಿ? ಹಳಬರೆಲ್ಲ ಡಬಲ್ ಬರಿ ಅಂತಾರೆ” ಎಂದು ಕೇಳಿದ ಅಳಿಯ.

“ಬೇಕಾದಷ್ಟು ಬರಿ. ಒಂದೇ ಒಂದು ಡಬ್ಬ ಹೆಚ್ಚಿಗೆ ಬರೆದ್ಯೋ, ನನ್ನ ಅಳಿಯ ಅಂತ ಹೇಳ್ಕೊಂಡು ತಿರುಗಬೇಡ.”

“ನೀವು ಕತ್ತರಿಸಿಬಿಟ್ರೆ?”

“ನಿಜ ಬರೆದವನದ್ದನ್ನ ನಾನ್ಯಾಕೋ ಕತ್ತರಿಸ್ಲಿ?”

“ಮಾವ ಹೇಳಿದ್ದು ಕೇಳು” ಎಂದಳು ಅಕ್ಕ, ಬಡಿಸುತ್ತಾ. ಆ ಮನೆಯಲ್ಲಿ ಮಾತು ಮುಗಿಸುವ ರೀತಿಯೇ ಅದಾಗಿತ್ತು.

ಎರಡು ತಿಂಗಳ ಮೇಲೆ ಇಂಡೆಂಟುಗಳು ಬಂದವು. ಎಂದಿನಂತೆ ಎಲ್ಲವೂ ಒಂದೇ ದಿನ, ಒಂದೇ ಗೋಣಿಚೀಲದಲ್ಲಿ. ಪ್ರತಿ ಹಾಳೆಯ ಮೇಲೂ ಠಾಣೆಯ ಸಂಖ್ಯೆ, ಕೆಳಗೆ ಕೋಳಿ ಕೆದರಿದಂಥ ಒಂದು ಸಹಿ. ಸಾಹೇಬರು ಟೀ ತರಿಸಿಕೊಂಡು ಪೆನ್ಸಿಲ್ ಚೂಪು ಮಾಡಿಕೊಂಡು ಕೂತರು. ಸೀಮೆಎಣ್ಣೆ ಎಂಟುನೂರು, ಗೆರೆ, ನಾನೂರು. ಸೀಮೆಎಣ್ಣೆ ಸಾವಿರ, ಗೆರೆ, ಐನೂರು. ಗೆರೆಯ ಪಕ್ಕ ತಮ್ಮ ಚುಟುಕು ಸಹಿ. ಗುಮಾಸ್ತ ಹಾಳೆ ತಿರುವುತ್ತಿದ್ದ, ಇವರ ಕೈ ತಾನಾಗಿ ಓಡುತ್ತಿತ್ತು. ಹದಿನೇಳನೇ ಠಾಣೆ, ಸೀಮೆಎಣ್ಣೆ ಆರುನೂರು ಡಬ್ಬ. ಗೆರೆ. ಮುನ್ನೂರು. ಆ ಹಾಳೆಯ ಮೇಲೆ ಪೆನ್ಸಿಲ್ ಒಂದು ಕ್ಷಣವೂ ತಡೆಯಲಿಲ್ಲ. ಊಟದ ಹೊತ್ತಿಗೆ ಮುಂಚೆಯೇ ಕೆಲಸ ಮುಗಿಯಿತೆಂದು ಸಾಹೇಬರು ಗುಮಾಸ್ತನ ಬೆನ್ನು ತಟ್ಟಿದರು.

ರಾಜಧಾನಿಯಿಂದ ಸಾಮಾನು ಬಂತು. ಲಾರಿಗಳು ತುಂಬಿದವು, ಮೇಲಕ್ಕೆ ಹೋದವು. ಇನ್ನು ಉಳಿದಿದ್ದುದು ವರ್ಷದ ಕೊನೆಯ ಲಾರಿ ಮಾತ್ರ, ಒಂಬತ್ತು ದಿನದ ಮೇಲೆ. ಆ ಹೊತ್ತಿನಲ್ಲಿ ಸಾಹೇಬರು ಒಂದು ಮಧ್ಯಾಹ್ನ ಅಕ್ಕನ ಮನೆಗೆ ಊಟಕ್ಕೆ ಹೋದರು. ಅಕ್ಕ ಮಗನ ಕಾಗದ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಕೂರಿಸಿ, ಬಡಿಸಿ, ಎರಡನೇ ಸಲವೋ ಹತ್ತನೇ ಸಲವೋ ಓದಿದಳು.

“‘ಮಾವನಿಗೆ ಹೇಳು. ಇಲ್ಲಿರುವ ಒಲೆ ಏಳು. ಒಂದೊಂದು ಒಲೆ ಒಂದು ದಿನಕ್ಕೆ ಎಷ್ಟು ಕುಡಿಯುತ್ತದೆಂದು ಹತ್ತು ದಿನ ಅಳೆದು ನೋಡಿ, ಐದು ತಿಂಗಳಿಗೆ ಗುಣಿಸಿ ಬರೆದಿದ್ದೇನೆ. ಒಂದು ಹನಿ ಹೆಚ್ಚಿಲ್ಲ. ನಮ್ಮ ಠಾಣೆಯವರು ನನ್ನನ್ನು ಪೆದ್ದ ಅಂತಾರೆ. ನಮ್ಮ ಮಾವ ಇದ್ದಾರೆ ಬಿಡ್ರೋ ಅಂದಿದ್ದೇನೆ.’ ನೋಡಿದ್ಯಾ? ಥೇಟ್ ನೀನೇ!”

ಆರುನೂರು ಎಂಬ ಅಂಕಿ ಈಗ ಅವರ ಕಣ್ಣಿಗೆ ಕಟ್ಟಿತು, ಅದರ ಮೇಲಿನ ಕೆಂಪು ಗೆರೆಯ ಸಮೇತ. ತಟ್ಟೆ ಬಿಟ್ಟು ಎದ್ದರು. “ಏನಾಯ್ತೋ?” ಎಂದು ಅಕ್ಕ ಕೂಗುತ್ತಿದ್ದಳು. ಆಫೀಸಲ್ಲಿ ಕೆಲಸವಿದೆ ಎಂದು ಹೇಳುತ್ತಲೇ ಮೆಟ್ಟಿಲಿಳಿದರು.

ಡಿಪೊದ ಎಣ್ಣೆ ಶೆಡ್ಡು ಖಾಲಿ ಹೊಡೆಯುತ್ತಿತ್ತು. “ಪ್ರತಿ ವರ್ಷ ಮೀಸಲು ಅಂತ ಎರಡು ಸಾವಿರ ಡಬ್ಬ ಇರ್ತಿತ್ತಲ್ಲಯ್ಯ?” ಎಂದು ಗುಮಾಸ್ತನ ಮೇಲೆ ಹರಿಹಾಯ್ದರು. ಈ ವರ್ಷ ಮೀಸಲು ಬರಲೇ ಇಲ್ಲ ಸಾಹೇಬ್ರೇ ಎಂದು ಅವನು ಕೈ ಚೆಲ್ಲಿದ. ಸಾಹೇಬರು ರಾಜಧಾನಿಗೆ ಫೋನು ಹಚ್ಚಿದರು. ಅಲ್ಲಿ ಹಂಚಿಕೆ ನೋಡಿಕೊಳ್ಳುವವರನ್ನು ಎಲ್ಲರೂ ‘ನಕ್ಷೆ ಸಾಹೇಬ್ರು’ ಎನ್ನುತ್ತಿದ್ದರು. ಮೂವತ್ತು ವರ್ಷದ ನೌಕರಿಯಲ್ಲಿ ಒಂದು ಬೆಟ್ಟವನ್ನೂ ಹತ್ತದೆ ಎಲ್ಲ ಬೆಟ್ಟಗಳ ಎತ್ತರವನ್ನೂ ಬಾಯಿಪಾಠ ಹೇಳುವ ಮನುಷ್ಯ.

“ಮೀಸಲಾ?” ನಕ್ಷೆ ಸಾಹೇಬರು ನಕ್ಕರು. “ಅದನ್ನ ದಕ್ಷಿಣದ ಮುನ್ನುಗ್ಗುವಿಕೆಗೆ ಕೊಟ್ಟಾಯ್ತು. ನಿಮ್ಮ ಟಿಪ್ಪಣಿ ನೋಡಿಯೇ ಕೊಟ್ಟಿದ್ದು ಕಣ್ರಿ. ಬೇಡಿಕೆಯಲ್ಲಿ ಅರ್ಧ ಸುಳ್ಳು ಅಂದ್ಮೇಲೆ ಬೆಟ್ಟದವರಿಗೆ ಮೀಸಲು ಯಾಕೆ? ಇಡೀ ಯೋಜನೆ ನಿಂತಿರೋದೇ ನಿಮ್ಮ ಸೂತ್ರದ ಮೇಲೆ.”

“ಒಂದು ಠಾಣೆ ನಿಜವನ್ನೇ ಬರೆದಿತ್ತು ಸಾರ್. ಹದಿನೇಳು. ನಾನು ನೋಡದೆ ಅರ್ಧ ಮಾಡಿಬಿಟ್ಟೆ. ಮುನ್ನೂರು ಡಬ್ಬ ಸಾಕು, ಹೇಗಾದ್ರೂ ಮಾಡಿ ಕೊಡಿಸಿ.”

“‘ಎಲ್ರೂ ನಿಜವನ್ನೇ ಬರೆದಿದ್ದೀವಿ ಅಂತಾರೆ’ ಅಂತ ಬರೆದವರು ಯಾರು? ನೀವೇ ಅಲ್ವಾ? ಎರಡನೇ ಪುಟದಲ್ಲಿದೆ.” ಫೋನು ಕಟ್ಟಾಯಿತು.

ಆಮೇಲಿನ ಎಂಟು ದಿನ ಸಾಹೇಬರು ಹುಚ್ಚುಹಿಡಿದವರಂತೆ ತಿರುಗಿದರು. ಅಕ್ಕಪಕ್ಕದ ಠಾಣೆಗಳಿಗೆ ಫೋನು ಮಾಡಿ ಅಂಗಲಾಚಿದರು. ಎರಡರಷ್ಟು ಬರೆದಿದ್ದ ಅವರ ಹತ್ತಿರ ಈಗ ಸರಿಯಾಗಿ ಬೇಕಾದಷ್ಟಿತ್ತು, ಕೊಡಲು ಒಂದು ಡಬ್ಬವೂ ಹೆಚ್ಚಿರಲಿಲ್ಲ. ತಾವು ಹೇಸುತ್ತಿದ್ದ ಸುಳ್ಳುಗಾರರೆಲ್ಲ ಬೆಚ್ಚಗಿರುತ್ತಾರೆ ಎಂದು ನೆನೆದು ಅವರಿಗೆ ಅಳು ಬಂತು. ಡಿಪೊದ ಅಡುಗೆಮನೆ ಒಲೆ ಆರಿಸಿದರು, ಜನರೇಟರ್ ನಿಲ್ಲಿಸಿದರು, ತಮ್ಮ ಮನೆಯ ಎಣ್ಣೆಯನ್ನೂ ಹೊತ್ತು ತಂದರು. ಎಲ್ಲ ಸೇರಿ ನಲವತ್ತೊಂದು ಡಬ್ಬ ಆಯಿತು. ಕೊನೆಯ ಲಾರಿಗೆ ಅದನ್ನೇ ಹೇರಿ, ಹದಿನೇಳನೇ ಠಾಣೆಗೆ ಫೋನು ಮಾಡಿದರು.

“ಮುನ್ನೂರು ಬಂತು ಮಾವ. ಉಳಿದಿದ್ದು ಯಾವಾಗ?” ಎಂದ ಅಳಿಯ.

“ನಲವತ್ತೊಂದು ಬರ್ತಿದೆ.”

“ಸರಿ. ಅದಾದ್ಮೇಲೆ?”

“ಅದಾದ್ಮೇಲೆ ಇಲ್ಲಪ್ಪ.”

ಆ ಕಡೆ ಯಾರೋ ಕೆಮ್ಮುತ್ತಿದ್ದುದು ಕೇಳಿಸುತ್ತಿತ್ತು. ಅಳಿಯ ಕೇಳಿದ, “ನನ್ನ ಲೆಕ್ಕದಲ್ಲಿ ಏನಾದ್ರೂ ತಪ್ಪಿತ್ತಾ ಮಾವ?”

“ಇಲ್ಲ. ನಿನ್ನ ಲೆಕ್ಕ ಸರಿಯಾಗೇ ಇತ್ತು.”

“ಮತ್ತೆ ಕಡಿಮೆ ಮಾಡಿದ್ದು ಯಾರು?”

ಲೈನು ಕೆಟ್ಟಿದ್ದರೆ ಒಂದು ನೆಪವಾದರೂ ಸಿಗುತ್ತಿತ್ತು. ಹಾಳು ಲೈನು ಅವತ್ತು ಗಾಜಿನಷ್ಟು ಸ್ವಚ್ಛವಾಗಿತ್ತು. “ಮೇಲಿನವರು ಕಡಿಮೆ ಮಾಡಿದ್ರು” ಎಂದರು ಸಾಹೇಬರು.

“ಹೌದಾ” ಎಂದ ಅಳಿಯ. “ಆಯ್ತು ಮಾವ. ಅಮ್ಮನಿಗೆ ಏನೂ ಹೇಳ್ಬೇಡಿ, ಸುಮ್ನೆ ಗಾಬರಿ ಬೀಳ್ತಾಳೆ.”

ಫೋನಿಟ್ಟು ಬೆವರು ಒರೆಸಿಕೊಳ್ಳುವಾಗ ಅವರಿಗೆ ಹೊಳೆಯಿತು. ಸಾಮಾನಿನ ಜೊತೆ ಇಂಡೆಂಟಿನ ಹಾಳೆಯೂ ಲಾರಿಯಲ್ಲಿ ವಾಪಸು ಹೋಗುತ್ತದೆ, ತಾಳೆ ನೋಡಲು. ಆರುನೂರರ ಮೇಲಿನ ಕೆಂಪು ಗೆರೆ, ಪಕ್ಕದಲ್ಲಿ ಮಾವನ ಚುಟುಕು ಸಹಿ. ಆ ಹಾಳೆ ಮೊದಲ ಮುನ್ನೂರು ಡಬ್ಬದ ಜೊತೆಗೇ ಅಳಿಯನ ಕೈ ಸೇರಿ ವಾರವಾಗಿತ್ತು. ಅದನ್ನು ಇಟ್ಟುಕೊಂಡೇ ಅವನು ಕೇಳಿದ್ದ. ಸಾಹೇಬರಿಗೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

ನಾಲ್ಕು ದಿನಕ್ಕೆ ಕಣಿವೆ ಮುಚ್ಚಿತು. ಹದಿನೇಳನೇ ಠಾಣೆಯವರು ಏಳು ಒಲೆಗಳಲ್ಲಿ ನಾಲ್ಕನ್ನು ಆರಿಸಿ, ಮೂವತ್ತನಾಲ್ಕು ಜನ ಒಂದೇ ಕೋಣೆಯಲ್ಲಿ ಒತ್ತಿಕೊಂಡು ಮಲಗಿ, ಮೊದಲು ಖಾಲಿ ಪೆಟ್ಟಿಗೆ, ಆಮೇಲೆ ಮಂಚ, ಆಮೇಲೆ ಬಾಗಿಲು ಸುಟ್ಟರು. ಉಸ್ತುವಾರಿಯವನು ತನ್ನ ಸರದಿಗೆ ಒಲೆಯ ಹತ್ತಿರ ಮಲಗದೆ ಬೇರೆಯವರಿಗೆ ಜಾಗ ಬಿಡುತ್ತಿದ್ದನಂತೆ. ದಾರಿ ತೆರೆದಾಗ ಮೂವತ್ತೆರಡು ಜನ ಇಳಿದರು. ಇಬ್ಬರ ಹೆಣಗಳನ್ನು ಇಳಿಸಿದರು. ರಾಜಧಾನಿಯ ನಕ್ಷೆಯ ಮೇಲೆ ಹದಿನೇಳನೇ ಠಾಣೆಯ ಗುಂಡುಸೂಜಿ ಇದ್ದಲ್ಲೇ ಇತ್ತು. ಹಾಗಾಗಿ ವರದಿಯಲ್ಲಿ ‘ಪೂರೈಕೆ ತೃಪ್ತಿಕರ’ ಎಂದು ಬರೆದರು.

ಅಳಿಯನ ಎರಡೂ ಪಾದಗಳಿಗೆ ಬಟ್ಟೆ ಸುತ್ತಿತ್ತು. ಹಿಮಕ್ಕೆ ಮರಗಟ್ಟಿ ಸತ್ತ ಬೆರಳುಗಳನ್ನು ಡಾಕ್ಟರು ತೆಗೆದ ಮೇಲೆ ಹತ್ತರಲ್ಲಿ ನಾಲ್ಕು ಉಳಿದಿದ್ದವು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಸಾಹೇಬರು ನೋಡಲು ಹೋದರು. ಅಕ್ಕ ಮಗನ ಕಾಲ ಬುಡದಲ್ಲಿ ಕೂತಿದ್ದಳು.

“ಎಣ್ಣೆ ಸಾಲದೆ ಹೀಗಾಯ್ತಂತೆ” ಎಂದಳು. “ಯಾಕೆ ಸಾಲ್ಲಿಲ್ಲ ಅಂದ್ರೆ ಬಾಯಿ ಬಿಡ್ತಿಲ್ಲ ಇವನು.”

“ಹೇಳಿದ್ನಲ್ಲಮ್ಮ, ಮೇಲಿನವರು ಕಡಿಮೆ ಮಾಡಿದ್ರು” ಎಂದ ಅಳಿಯ. ಹೇಳುವಾಗ ಮಾವನ ಮುಖ ನೋಡಲಿಲ್ಲ.

ಸಾಹೇಬರಿಗೆ ಮೊದಲು ಆದದ್ದು ನಿರಾಳ. ಅದು ನಿರಾಳ ಎಂದು ಗೊತ್ತಾದಾಗ ಎಲ್ಲಾದರೂ ಹೋಗಿ ಸಾಯೋಣವೆನ್ನಿಸಿತು.

“ಮೇಲಿನವರು ಅಂದ್ರೆ ಯಾರು? ಅವರಿಗೂ ತಾಯಿ ಇಟ್ಟ ಹೆಸರೊಂದು ಇರುತ್ತಲ್ಲ?” ಅಕ್ಕ ತಮ್ಮನ ಕಡೆ ತಿರುಗಿದಳು. “ನೀನು ಅದೇ ಇಲಾಖೆಯವನು, ನಿನಗೆ ಗೊತ್ತಿರುತ್ತೆ. ಹೆಸರು ಹೇಳು. ಹೆಸರು ಹಿಡಿದು ಶಾಪ ಹಾಕ್ತೀನಿ.”

“ಅಮ್ಮ, ಬಿಡು” ಎಂದ ಅಳಿಯ.

“ನಾನೇ ಅಕ್ಕ” ಎಂದರು ಸಾಹೇಬರು. “ಎಲ್ಲರೂ ಹೆಚ್ಚಿಗೆ ಬರೀತಾರೆ ಅಂತ ಅರ್ಧ ಮಾಡೋದು ನನ್ನ ಪದ್ಧತಿ. ಇವನದ್ದು ಅಂತ ನೋಡ್ಲಿಲ್ಲ. ಯಾರದ್ದು ಅಂತಲೂ ನೋಡ್ಲಿಲ್ಲ.”

ಅಕ್ಕ ಬೈಯುತ್ತಾಳೆ, ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಾಳೆ ಎಂದು ಕಾದರು. ಹೊಡೆದಿದ್ದರೆ ಅಷ್ಟರಮಟ್ಟಿಗೆ ಅವರ ಭಾರ ಇಳಿಯುತ್ತಿತ್ತು. ಅವಳು ಮಗನ ಪಾದದ ಬಟ್ಟೆಯ ಅಂಚನ್ನು ಸರಿಮಾಡಿದಳು.

“ನಿನ್ನದೇನು ತಪ್ಪು” ಎಂದಳು, ತಲೆ ಎತ್ತದೆ. “ಮಾವ ಹೇಳಿದ್ದು ಕೇಳು, ಮಾವ ಹೇಳಿದ್ದು ಕೇಳು ಅಂತ ಚಿಕ್ಕಂದಿನಿಂದ ಇವನ ತಲೆಗೆ ತುಂಬಿದ್ದು ನಾನು. ಶಾಪ ನನಗೇ ತಟ್ಟಬೇಕು.”

ಆಮೇಲೆ ಮಗನಿಗೆ ಹೇಳಿದಳು, “ಹೋಗಿ ಬನ್ನಿ ಅನ್ನು. ಮಾವ ಹೊರಡ್ತಾರಂತೆ.”

ಹೊರಡುತ್ತೇನೆಂದು ಸಾಹೇಬರು ಹೇಳಿರಲಿಲ್ಲ. ಆ ಮನೆಯಿಂದ ಅಕ್ಕ ಅವರನ್ನು ಊಟ ಮಾಡಿಸದೆ ಕಳಿಸಿದ್ದು ಇದೇ ಮೊದಲು.