ಆರನೆಯ ಇಲಿ

ಐದು ಮೂಗು ಅಲುಗುತ್ತಿವೆ, ಆರನೆಯದು ಎಲ್ಲಿ, ಆಸ್ಪತ್ರೆಯ ಇಲಿಗಳನ್ನು ನೋಡಿಕೊಳ್ಳುವ ಕರಿಯಣ್ಣ ಪಂಜರ ತಟ್ಟಿದ, ಹುಲ್ಲಿನಡಿ ಬಿಳಿ ಇಲಿ ಕಾಲು ಸೆಟೆದು ಬಿದ್ದಿತ್ತು, ಬಾಲದ ಬುಡಕ್ಕೆ ಅವನೇ ಬಳಿದ ಹಳದಿ ಗುರುತು — ಮೂರು ದಿನ, ಆರು ಇಲಿ, ಒಂದು ಸತ್ತರೂ ಈ ಔಷಧಿ ಯಾರಿಗೂ ಕೊಡೋ ಹಂಗಿಲ್ಲಪ್ಪಾ, ಇಲಿಗಳಿಗೆ ಔಷಧಿಯ ಸೂಜಿ ಚುಚ್ಚಿದ ದಿನ ಫಜಲುಲ್ಲಾ ಡಾಕ್ಟರು ಹೇಳಿದ್ದರು, ಇವತ್ತು ಮೂರನೆಯ ದಿನ. ಮುಂಬಯಿಯಿಂದ ರೈಲಿಗೆ ಬಂದ ಸೀಸದ ಡಬ್ಬಿ, ಅಂಗೈಯಗಲ, ಎತ್ತಿದರೆ ರಟ್ಟೆ ಕೀಳುತ್ತದೆ, ಒಳಗಿನ ವಿಕಿರಣದ ಅಯೋಡಿನ್ನಿನ ಶಕ್ತಿ ಎಂಟು ದಿನಕ್ಕೆ ಅರ್ಧ ಸೋರಿಹೋಗುತ್ತದಂತೆ, ಕುಡಿದವರ ಗಂಟಲ ಗಡ್ಡೆ ಯಂತ್ರದ ಕಾಗದದ ಮೇಲೆ ಚುಕ್ಕಿ ಚುಕ್ಕಿಯಾಗಿ ಮೂಡುತ್ತದಂತೆ, ಅದನ್ನು ನೋಡಿಯೇ ಆಪರೇಷನ್ — ಹೊರಗೆ ಬೆಂಚಿನ ಮೇಲೆ ಅಂಜಿನವ್ವ, ಅವನ ಹೆಂಡತಿ, ಸಾರಥಿ ಅನ್ನೋ ಹಳ್ಳಿಯಿಂದ ಹರಿಹರಕ್ಕೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬಂದು ಕೂತಿದ್ದಾಳೆ, ಎಂಜಲು ನುಂಗಿದಾಗಲೆಲ್ಲ ಕೊರಳ ಗಡ್ಡೆ ಮೇಲೇರುತ್ತದೆ, ಇಳಿಯುತ್ತದೆ.

ಔಷಧಿಯಿಂದ ಸತ್ತಿತೋ ಕಡುಬಿನಿಂದಲೋ. ನಿನ್ನೆ ಚೌತಿ, ಗಣಪ್ಪನ ವಾಹನ ಒಣರೊಟ್ಟಿ ಕಡೀತಾ ಕುಂತಿರ್ತಾವೆ, ಅವಕ್ಕೂ ಒಂಚೂರು ಇಡ್ರಿ, ಹಬ್ಬ ಮುಗಿಸಿ ಊರಿಂದ ಹೊರಟಾಗ ಅವಳೇ ಹೇಳಿ ಕಟ್ಟಿಕೊಟ್ಟದ್ದು, ಅವನಿಗೂ ಸರಿ ಎನಿಸಿತು, ರಾತ್ರಿ ಬಂದು ಇಟ್ಟ, ಇದೊಂದು ಉಳಿದವುಗಳ ಬಾಯಿಂದ ಕಸಿದು ತಿಂದಿತ್ತು, ಆಗ ನಕ್ಕಿದ್ದ. ಕಾಳು ರೊಟ್ಟಿ ಬಿಟ್ಟು ಬ್ಯಾರೆ ಹಾಕಿದ್ಯೋ, ನೌಕರಿ ಹೋತು ನೋಡು, ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಕಡುಬಿನ ಮಾತೆತ್ತಿದರೆ ನೌಕರಿ ಹೋಗುತ್ತದೆ, ಪರೀಕ್ಷೆ ಕೆಟ್ಟಿತೆಂದು ಔಷಧಿಯೂ ಹೋಗುತ್ತದೆ, ಎತ್ತದೆ ಹೆಣ ತೋರಿಸಿದರೂ ಔಷಧಿ ಹೋಗುತ್ತದೆ, ಇನ್ನೊಂದು ಡಬ್ಬಿಗೆ ಎರಡು ತಿಂಗಳು, ಮಲಗಿದರೆ ಈಗಲೇ ಅವಳಿಗೆ ಉಸಿರು ಸಿಗುವುದಿಲ್ಲ, ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಾಳೆ, ಎರಡು ತಿಂಗಳು ಹೆಂಗೆ, ಮುಚ್ಚಿಟ್ಟರೆ ಇದೇ ಔಷಧಿ ಅವಳ ಹೊಟ್ಟೆಗೆ — ಕೈ ಆಗಲೇ ಸೂಜಿ ಕಾಣದ ಇಲಿಗಳಿದ್ದ ಪಕ್ಕದ ಪಂಜರದೊಳಗಿತ್ತು, ಬೆಚ್ಚಗಿನ ಮೈ, ಬಾಲದ ಬುಡಕ್ಕೆ ಹಳದಿ ಬಳಿದ, ಐದರ ಜೊತೆ ಬಿಟ್ಟ, ಸತ್ತದ್ದನ್ನು ಅಂಗಿಯ ಜೇಬಿಗಿಳಿಸಿದ.

ಎಷ್ಟು ಅದಾವಪ್ಪಾ ಕರಿಯಣ್ಣ, ಬಾಗಿಲಲ್ಲಿ ಡಾಕ್ಟರು. ಆರೂ ಅದಾವ್ರಿ. ಭೇಷ್, ಮೊದಲು ನಿಮ್ಮನೆಯವ್ರನ್ನೇ ಕರಕೊಂಬಾ. ಜೇಬು ಇಷ್ಟು ಭಾರ ಯಾಕೆ, ಒಂದು ಇಲಿ ಎಷ್ಟಿದ್ದೀತು. ಒಳಗೆ ಬಂದ ಅವಳು ಔಷಧಿಯ ಗಾಜಿನ ಲೋಟ ಹಿಡಿದು ಮೂಸಿದಳು, ಇದೇನ್ರಿ ಬರೀ ನೀರಿದ್ದಂಗೈತೆ, ಯಾಕ್ ಹಂಗ್ ನೋಡ್ತೀರಿ, ನಿಮಗೂ ಒಂದ್ ಗುಟುಕು ಬೇಕೇನು, ಡಾಕ್ಟರೂ ನಕ್ಕರು, ತಡಿ ಅನ್ನಬೇಕು, ಒಂದೇ ಮಾತು, ಅವನ ಅಂಗೈ ಜೇಬನ್ನು ಒತ್ತಿ ಹಿಡಿದಿತ್ತು, ಅವಳು ಲೋಟ ಎತ್ತಿದಳು, ಕೊರಳ ಗಡ್ಡೆ ಮೇಲೇರಿತು, ಇಳಿಯಿತು, ಮೇಲೇರಿತು