ಮೋಟಾರು ಕೋಣೆಯ ಪತಂಗ

ಸಂಗ್ರಹಾಲಯದ ಕೀಟ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಸವೆಸಿದ ಮೇಲ್ವಿಚಾರಕಿಗೆ ಈಚೆಗೆ ಯಾರಾದರೂ ಬಾಗಿಲು ತಟ್ಟಿದರೆ ಸಾಕು, ಹೆಗಲು ಜೋತುಬೀಳುತ್ತಿತ್ತು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಇಲ್ಲಿ ನುಸಿಗುಳಿಗೆಯ ವಾಸನೆ; ಎರಡರ ನಡುವೆ ಅವಳು ಗಾಣದೆತ್ತಾಗಿದ್ದಳು.

ಆ ಬೆಳಿಗ್ಗೆ ಬಂದವನು ಲಿಫ್ಟ್ ರಿಪೇರಿಯವನು. ಐವತ್ತು ದಾಟಿದ ಆಳು, ಉಗುರುಸಂದಿಯಲ್ಲೆಲ್ಲ ಗ್ರೀಸು. ಎದೆಗವಚಿಕೊಂಡಿದ್ದ ಬೂಟಿನ ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಕಾಡಿನ ಪಕ್ಕದ ಕಟ್ಟಡದಲ್ಲಿ ಕೆಲಸ ಮೇಡಂ. ಎಂಟನೇ ಮಹಡಿ ಮೇಲೆ ಮೋಟಾರು ಕೋಣೆ ಗೋಡೇಲಿ ಕೂತಿತ್ತು. ಎರಡು ದಿನ ಆಯ್ತು, ಒಂದು ತೊಟ್ಟೂ ಮುಟ್ಟಿಲ್ಲ. ಸಕ್ಕರೆ ನೀರು, ಜೇನು, ಹಣ್ಣಿನ ರಸ, ಎಲ್ಲಾ ಇಟ್ಟೆ. ನನ್ನ ಹೆಂಡ್ತಿ, 'ನಂಗೆ ಒಂದಿನ ಹೀಗೆ ಬಡಿಸಿದ್ದುಂಟಾ?' ಅಂತ ಜಗಳಕ್ಕೇ ನಿಂತ್ಲು."

ಅವಳು ನಗಲಿಲ್ಲ, ನಗುವಷ್ಟು ತ್ರಾಣವಿರಲಿಲ್ಲ. ಮುಚ್ಚಳ ತೆಗೆದಳು. ಎರಡು ಅಂಗೈ ಜೋಡಿಸಿದರೂ ಸಾಲದಷ್ಟು ಅಗಲದ ರೆಕ್ಕೆಗಳು. ಇಟ್ಟಿಗೆಗೆಂಪು ಬಣ್ಣ, ನಡುವೆ ಬೆಳಕು ಹಾಯುವ ಮೂರು ಮೂಲೆಯ ಕಿಟಕಿಗಳು, ತುದಿಯಲ್ಲಿ ಹಾವಿನ ತಲೆಯಂಥ ಚಿತ್ತಾರ.

"ಅಟ್ಲಾಸ್ ಪತಂಗ," ಎಂದಳು. ಆ ಕಾಡಿನಲ್ಲಿ ಸಿಕ್ಕ ಕೊನೆಯದನ್ನು ಅವಳ ಗುರುಗಳು ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಟ್ಟು ಮೂವತ್ತೊಂದು ವರ್ಷವಾಗಿತ್ತು. ಆಮೇಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಇದಕ್ಕೆ ಉಣ್ಣೋ ಬಾಯೇ ಇಲ್ಲ ಕಣ್ರೀ. ಹುಳ ಆಗಿದ್ದಾಗ ಎಲೆ ತಿಂದದ್ದೇ ಊಟ. ರೆಕ್ಕೆ ಬಂದ ಮೇಲೆ ಒಂದು ವಾರದ ಆಯಸ್ಸು."

"ಹಾಗಾದ್ರೆ ನನ್ನ ಕಡೆಯಿಂದ ಏನೂ ತಪ್ಪಾಗಿಲ್ಲ?"

"ಏನೂ ಇಲ್ಲ."

ಅವನು ಕುರ್ಚಿಯಲ್ಲಿ ಕುಸಿದು ಕೂತು ಮುಖ ಒರೆಸಿಕೊಂಡ.

ನಿರ್ದೇಶಕರಿಗೆ ಫೋನು ಮಾಡಿದಾಗ ಅವರದು ಒಂದೇ ಮಾತು: "ಬಿಡಬೇಡಿ, ಇವತ್ತೇ ಚುಚ್ಚಿಡಿ."

ಅವಳು ಸೂಜಿಯ ಡಬ್ಬಿ ಎಳೆದುಕೊಂಡಳು. ಎಷ್ಟು ಸಾವಿರ ಚುಚ್ಚಿದ ಕೈ! ಭೂತಗನ್ನಡಿ ಹಿಡಿದು ನೋಡಿದಳು: ತಲೆಯ ಮೇಲಿನ ಕುಡಿಮೀಸೆ ಸಪೂರ, ಹೊಟ್ಟೆ ತುಂಬು. ಡಬ್ಬಿಯನ್ನು ಹಿಂದಕ್ಕೆ ತಳ್ಳಿದಳು.

"ಇದು ಹೆಣ್ಣು. ಇದರ ವಾಸನೆ ಹಿಡಿದು ಗಂಡು ಎಷ್ಟೋ ದೂರದಿಂದ ಬರುತ್ತೆ. ಸಿಕ್ಕಿದ ಜಾಗದಲ್ಲೇ ಬಲೆ ಪಂಜರದಲ್ಲಿ ತೂಗುಹಾಕಿ. ಗಂಡು ಬಂದ್ರೆ, ಕಾಡಲ್ಲಿ ಇವು ಇನ್ನೂ ಇವೆ ಅಂತರ್ಥ."

ಮರುದಿನ ಬೆಳಿಗ್ಗೆ ಅತ್ತೆಗೆ ಗಂಜಿ ಕುಡಿಸುತ್ತಿದ್ದಾಗಲೇ ಫೋನು ಬಂತು. "ಬನ್ನಿ ಮೇಡಂ, ಅಳಿಯ ಬಂದಿದ್ದಾರೆ!"

ಎಂಟು ಮಹಡಿ ಮೆಟ್ಟಿಲು ಹತ್ತಬೇಕಾಯಿತು. ಲಿಫ್ಟನ್ನು ಅವನೇ ಬಿಚ್ಚಿಟ್ಟಿದ್ದ. ಮಂಡಿ ಹಿಡಿದುಕೊಂಡು ಮೇಲೆ ತಲುಪಿದಾಗ ಪಂಜರದ ಹೊರಗೆ ಗಂಡು ಅಂಟಿಕೊಂಡಿತ್ತು. ಮೈ ಚಿಕ್ಕದು, ಕುಡಿಮೀಸೆ ಮಾತ್ರ ಗರಿಯಂತೆ ದಟ್ಟ. ಅವಳು ಪಂಜರದ ಬಾಗಿಲು ತೆರೆದಳು. ಅದು ತಡವರಿಸುತ್ತ ಒಳಗೆ ಹೋಯಿತು.

ಚೀಲದಿಂದ ಸಂಗ್ರಹಾಲಯದ ದಾಖಲೆ ಪುಸ್ತಕ ತೆಗೆದು ದಿನಾಂಕ, ಜಾಗ, ಸಂಖ್ಯೆ ಬರೆದಳು. ಕೊನೆಗೆ "ಜೀವಂತ" ಎಂದು ಸೇರಿಸಿದಳು. ಆ ಪುಸ್ತಕದಲ್ಲಿ ಆ ಪದಕ್ಕೆ ಅಂಕಣವೇ ಇರಲಿಲ್ಲ, ಅಂಚಿನಲ್ಲಿ ಬರೆಯಬೇಕಾಯಿತು.

ನಿರ್ದೇಶಕರ ಫೋನು. "ಚುಚ್ಚಿದ್ರಾ?"

"ಇಲ್ಲ ಸಾರ್. ಮೊಟ್ಟೆ ಇಟ್ಟು ತಾವಾಗೇ ಸತ್ತ ಮೇಲೆ ತರ್ತೀನಿ."

ಅತ್ತ ಗೊಣಗಾಟ ಮುಗಿಯುವವರೆಗೂ ಕಾದು ಫೋನಿಟ್ಟಳು. ಆಮೇಲೆ ಚಪ್ಪಲಿ ಕಳಚಿ, ಗೋಡೆಗೊರಗಿ, ನೆಲದ ಮೇಲೇ ಕಾಲು ಚಾಚಿದಳು.

"ಇಳಿಯೋಣ್ವಾ ಮೇಡಂ?"

"ಸ್ವಲ್ಪ ತಡೀರಿ," ಎಂದಳು. "ಕೂತು ಬಹಳ ದಿನ ಆಯ್ತು."